ಹುಡುಕಿದರೆ ಸಿಗುವ ಹಾಗೆ ಬರೆ

ಪುತ್ತೂರು

ಪ್ರೀತಿಯ ಪುಟ್ಟಿ,

ಕೆಲಸಕ್ಕೆ ಸೇರಿದ ಮೇಲೆ ನಿನ್ನ ಫೋನು ಕಡಿಮೆಯಾಗಿದೆ, ಮೆಸೇಜು ಹೆಚ್ಚಾಗಿದೆ. ಅದರಲ್ಲಿ ನನಗೆ ಬೇಸರವಿಲ್ಲ. ಅಷ್ಟೊಂದು ಮೀಟಿಂಗುಗಳ ನಡುವೆ ನೆನಪಿಟ್ಟು ಎರಡು ಸಾಲು ಹಾಕುತ್ತೀಯಲ್ಲ, ಅದೇ ದೊಡ್ಡದು. ಮೊನ್ನೆಯ ಮೆಸೇಜಿನಲ್ಲಿ ನೀನೊಂದು ಪ್ರಶ್ನೆ ಕೇಳಿದ್ದೆ. "ದೊಡ್ಡಮ್ಮ, ನೀವು ಯಾವಾಗಲೂ ಕನ್ನಡ ಅಕ್ಷರದಲ್ಲೇ ಯಾಕೆ ಟೈಪ್ ಮಾಡ್ತೀರಿ? ಇಂಗ್ಲಿಷಲ್ಲಿ ಹೊಡೆದ್ರೆ ಬೇಗ ಆಗುತ್ತಲ್ಲ?" ಮಾತು ಕನ್ನಡದ್ದೇ, ಅಕ್ಷರ ಮಾತ್ರ ಇಂಗ್ಲಿಷಿನದ್ದು.

ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಾಗಲಿಲ್ಲ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಸಹಕಾರಿ ಸಂಘದ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಯಾರದೋ ಕವನ ಸಂಕಲನ ಎಂದು ಡಿಟಿಪಿ ಮೇಜಿನ ಮುಂದೆ ಕೂತು ಅರ್ಧ ಆಯುಷ್ಯ ಕಳೆದವಳು ನಾನು. ಕನ್ನಡದ ಅಕ್ಷರ ಪರದೆಯ ಮೇಲೆ ಮೂಡುವುದಕ್ಕೆ ಎಷ್ಟು ಜನ ಎಷ್ಟು ವರ್ಷ ದುಡಿದರು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಹಾಗಾಗಿ ಪತ್ರ ಉದ್ದವಾಗುತ್ತದೆ. ಶನಿವಾರ ಓದು.

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ನಿಮ್ಮ ಪೀಳಿಗೆಯವರ ಸೋಮಾರಿತನ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಆ ಅಭ್ಯಾಸಕ್ಕೆ ಒಂದು ಕಾರಣವಿದೆ, ಅದು ನೀನು ಹುಟ್ಟುವ ಹೊತ್ತಿನದ್ದು. ಗುಂಡಿ ಒತ್ತುವ ಮೊಬೈಲುಗಳ ಕಾಲದಲ್ಲಿ ಒಂದು ಎಸ್ಸೆಮ್ಮೆಸ್ಸಿನ ಒಟ್ಟು ಜಾಗ 140 ಬೈಟು. ಇಂಗ್ಲಿಷ್ ಅಕ್ಷರ ಏಳು ಬಿಟ್ಟಿನಲ್ಲಿ ಮುಗಿಯುತ್ತದೆ, ಹಾಗಾಗಿ 160 ಅಕ್ಷರ ಹಿಡಿಯುತ್ತಿತ್ತು. ಕನ್ನಡಕ್ಕೆ ಹದಿನಾರು ಬಿಟ್ಟು ಬೇಕು, ಅಲ್ಲಿಗೆ 70. ಆ ಎಪ್ಪತ್ತರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಒಂದೊಂದು ಎಸ್ಸೆಮ್ಮೆಸ್ಸಿಗೂ ದುಡ್ಡು ಕೊಡುತ್ತಿದ್ದ ಕಾಲ. ಕಷ್ಟಪಟ್ಟು ಕನ್ನಡದಲ್ಲಿ ಬರೆದರೂ ಆ ಕಡೆಯ ಫೋನಿನಲ್ಲಿ ಕನ್ನಡದ ಫಾಂಟ್ ಇಲ್ಲದಿದ್ದರೆ ಅಲ್ಲಿ ಕಾಣುತ್ತಿದ್ದುದು ಸಾಲು ಸಾಲು ಖಾಲಿ ಚೌಕ. ಹಾಗಿರುವಾಗ ಕಾಲೇಜು ಹುಡುಗರು ಇಂಗ್ಲಿಷ್ ಅಕ್ಷರ ಹಿಡಿದದ್ದು ತಪ್ಪಲ್ಲ, ಅವರಿಗಿದ್ದ ದಾರಿ ಅದೊಂದೇ.

ಆದರೆ ಆ ಕಾರಣಗಳೆಲ್ಲ ಈಗ ಹೋಗಿವೆ. ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರಕ್ಕೆ ಇಷ್ಟೆಂದು ದುಡ್ಡಿಲ್ಲ. ಇಂದಿನ ಯಾವ ಸ್ಮಾರ್ಟ್‌ಫೋನಿನಲ್ಲೂ ಚೌಕ ಕಾಣುವುದಿಲ್ಲ. ಕಾರಣ ಹೋದ ಮೇಲೂ ಅಭ್ಯಾಸ ಉಳಿದುಕೊಂಡಿದೆ, ಅಷ್ಟೇ.

ಈ ಅಭ್ಯಾಸದಿಂದ ಆಗುವ ನಷ್ಟ ಮೇಲ್ನೋಟಕ್ಕೆ ಸಣ್ಣದು. ಕೆ, ಎ, ಎಲ್, ಯು ಎಂದು ನೀನು ಹೊಡೆದರೆ ಅದು ಕಾಲೋ ಕಾಳೋ ಕಲ್ಲೋ ಎಂದು ನಾನು ಮುಂದಿನ ಪದ ನೋಡಿ ಊಹಿಸಬೇಕು. ನಾನು ಊಹಿಸುತ್ತೇನೆ, ನೀನು ನನ್ನ ಮಗು, ನಿನ್ನ ಮಾತಿನ ಧಾಟಿ ನನಗೆ ಗೊತ್ತು. ಆದರೆ ಗೊತ್ತಿಲ್ಲದವರು, ಐದು ವರ್ಷ ಬಿಟ್ಟು ಹುಡುಕುವವರು, ಮತ್ತು ಯಂತ್ರ? ಒಬ್ಬರು ಒಂದು ಎ ಹಾಕುತ್ತಾರೆ, ಇನ್ನೊಬ್ಬರು ಎರಡು. ಒಬ್ಬರಿಗೆ ಳಕಾರಕ್ಕೆ ದೊಡ್ಡ ಎಲ್, ಇನ್ನೊಬ್ಬರಿಗೆ ಎಲ್ಲವೂ ಸಣ್ಣದೇ. ಒಂದೇ ಪದ ಹತ್ತು ರೂಪದಲ್ಲಿ ಚೆದುರಿಹೋದರೆ ಆಮೇಲೆ ಅದನ್ನು ಹುಡುಕಿ ತೆಗೆಯುವುದು ಹೇಗೆ?

ಹುಡುಕಿದರೆ ಸಿಗದ ಬರಹದ ಸಂಕಟ ಏನೆಂದು ನಾನು ಬಲ್ಲೆ. ನಮ್ಮ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ಊರಿನ ಚರಿತ್ರೆ ಬರೆದಿದ್ದರು. ಯಾವ ಮನೆಗೆ ಯಾವ ಗದ್ದೆ, ಯಾವ ಕಟ್ಟದ ನೀರು ಯಾವ ತೋಟಕ್ಕೆ, ಯಾವ ಗುಡ್ಡೆಯಲ್ಲಿ ಯಾವ ದೈವದ ಕಟ್ಟೆ, ಎಲ್ಲ ಮನೆ ಮನೆಗೆ ಹೋಗಿ ಕೇಳಿ ತಿಳಿದದ್ದು. ಪುಸ್ತಕ ಅಚ್ಚಾಯಿತು, ಪ್ರತಿಗಳು ಮುಗಿದವು. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮಗ ಸಿ.ಡಿ. ತಂದು ಎರಡನೇ ಮುದ್ರಣ ಮಾಡೋಣ ಎಂದ. ಫೈಲು ತೆರೆಯಿತು. ಒಳಗೆ ಒಂದಕ್ಷರ ಕನ್ನಡವಿರಲಿಲ್ಲ. ಅದನ್ನು ಬರೆದಿದ್ದ ಹಳೆಯ ಫಾಂಟು ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ, ಎಲ್ಲೂ ಸಿಗಲೂ ಇಲ್ಲ. ಕೊನೆಗೆ ಅಚ್ಚಾದ ಪುಸ್ತಕ ಎದುರಿಟ್ಟುಕೊಂಡು ಮೊದಲಿನಿಂದ ಟೈಪ್ ಮಾಡಬೇಕಾಯಿತು.

ಯಾಕೆ ಹೀಗಾಗುತ್ತದೆ ಎಂದು ನಿನಗೆ ವಿವರವಾಗಿ ಹೇಳಬೇಕು. ನೀನು ಕಂಪ್ಯೂಟರ್ ಓದಿದವಳಾದರೂ ನಿನ್ನ ಪಾಠಪುಸ್ತಕದಲ್ಲಿ ಇದು ಬಂದಿರಲಾರದು. ಆಗಿನ ಕಂಪ್ಯೂಟರಿಗೆ ಕನ್ನಡದ ಅರಿವೇ ಇರಲಿಲ್ಲ. ಅದರ ಹತ್ತಿರ ಇದ್ದದ್ದು ಇಂಗ್ಲಿಷಿಗೂ ಯುರೋಪಿನ ಕೆಲವು ಭಾಷೆಗಳಿಗೂ ಕೊಟ್ಟ 256 ಮನೆಗಳು. ಫಾಂಟು ಮಾಡುವವರು ಆ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ಇಲ್ಲೊಂದು ತಲೆಕಟ್ಟು, ಅಲ್ಲೊಂದು ಕೊಂಬು, ಇನ್ನೊಂದು ಕಡೆ ನಕಾರದ ಒತ್ತು. ಯಕ್ಷಗಾನದ ವೇಷ ಇದ್ದ ಹಾಗೆ, ಒಳಗಿರುವವರು ಬೇರೆ, ಮೇಲೆ ಕಾಣುವ ಪಾತ್ರ ಬೇರೆ. ಫಾಂಟು ಇರುವಷ್ಟು ಹೊತ್ತು ಪರದೆಯ ಮೇಲೆ ಕನ್ನಡ, ಫಾಂಟು ಕಳಚಿದರೆ ಒಳಗಿನದು ಹೊರಗೆ. ಆಗ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ವಿನ್ಯಾಸದಲ್ಲಿ 'ಕನ್ನಡ' ಎಂಬ ಪದದ ವೇಷ ಕಳಚಿದರೆ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಜರ್ಮನಿಯವರ ಒಂದು ಅಕ್ಷರ, ಒಂದು ಕ್ಯೂ. ಮತ್ತೆ ಒಂದು ಕಂಪನಿಯ ಫಾಂಟಿಗೂ ಇನ್ನೊಂದರದ್ದಕ್ಕೂ ತಾಳೆ ಇಲ್ಲ. ಅಂಥದರಲ್ಲಿ ಹುಡುಕುವ ಪೆಟ್ಟಿಗೆಗೆ 'ಕನ್ನಡ' ಎಂದು ಹಾಕಿದರೆ ಅದಕ್ಕೆ ಏನು ಸಿಗಬೇಕು?

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಜಾಗ ಸಿಕ್ಕಿತು. 3200ರಿಂದ 3327ರವರೆಗಿನ 128 ಸಂಖ್ಯೆಗಳು ನಮ್ಮವು. ಅಲ್ಲಿ 3221 ಎಂದರೆ ಕ. ಪುತ್ತೂರಿನ ಕಂಪ್ಯೂಟರಿನಲ್ಲೂ ಕ, ಬೋಸ್ಟನ್ನಿನ ಫೋನಿನಲ್ಲೂ ಕ. ಫಾಂಟು ಬದಲಾದರೆ ಅಕ್ಷರ ದಪ್ಪವಾಗಬಹುದು, ದುಂಡಗಾಗಬಹುದು, ಆದರೆ ಅದು ಕ ಆಗಿಯೇ ಇರುತ್ತದೆ. ಇನ್ನೊಂದು ನೋಡು, ಕ್ಷ ಎಂಬುದಕ್ಕೆ ಅಲ್ಲಿ ಬೇರೆ ಸಂಖ್ಯೆ ಇಲ್ಲ. ಕ, ಅರ್ಧಾಕ್ಷರದ ಗುರುತು, ಷ, ಈ ಮೂರನ್ನು ಸಾಲಾಗಿ ಇಟ್ಟರೆ ಫಾಂಟು ಅದನ್ನು ಕ್ಷ ಎಂದು ಬಿಡಿಸುತ್ತದೆ. ನಾವು ಒಂದನೇ ತರಗತಿಯಲ್ಲಿ ಒತ್ತಕ್ಷರ ಕಲಿತದ್ದೂ ಹೀಗೇ ಅಲ್ಲವೇ? ನಮ್ಮ ವ್ಯಾಕರಣ ಯಂತ್ರದ ಒಳಗೆ ಹೋಗಿ ಕೂತಿದೆ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ಆದ ಸಂತೋಷ ಈಗಲೂ ಹಾಗೇ ಇದೆ.

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ದಾರಿ ಸುಮ್ಮನೆ ಆದದ್ದಲ್ಲ. ಮಂಗಳೂರಿನ ಹತ್ತಿರ ಕಿನ್ನಿಕಂಬಳ ಇದೆಯಲ್ಲ, ಕೆ.ಪಿ. ರಾವ್ ಅಲ್ಲಿಯವರು. 1940ರಲ್ಲಿ ಹುಟ್ಟಿದ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರ ಜೊತೆ ಕೆಲಸ ಮಾಡಿದರು, ಅಕ್ಷರ ಜೋಡಣೆಯ ಲೋಕವನ್ನೂ ಒಳಗಿನಿಂದ ಕಂಡರು. ಇಂಗ್ಲಿಷ್ ಕೀಲಿಮಣೆಯ ಮೇಲೆ, ಒಂದು ಸ್ಟಿಕ್ಕರೂ ಅಂಟಿಸದೆ, ಉಚ್ಚಾರದ ಆಧಾರದಲ್ಲಿ ಕನ್ನಡದ ಎಲ್ಲ ಅಕ್ಷರ ಬರುವ ವಿನ್ಯಾಸ ಅವರದ್ದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಎಫ್ ಒತ್ತಿದರೆ ಒತ್ತಕ್ಷರಕ್ಕೆ ದಾರಿ. ಟ ಮತ್ತು ಡ ಮಾತ್ರ ಕ್ಯೂ, ಡಬ್ಲ್ಯೂಗಳಲ್ಲಿ ಕೂತಿವೆ, ಅದೊಂದು ವಾರ ಕೈಗೆ ತೊಡಕು. ತಮ್ಮ ತಂತ್ರಾಂಶಕ್ಕೆ ಅವರು 'ಸೇಡಿಯಾಪು' ಎಂದು ಹೆಸರಿಟ್ಟರು, ನಮ್ಮ ಕಡೆಯ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ವಿನ್ಯಾಸವನ್ನು ಮಾರಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶದಲ್ಲಿ ಇರುವುದು ಅದೇ, ಸರ್ಕಾರ ಒಪ್ಪಿಕೊಂಡದ್ದೂ ಅದನ್ನೇ. ನನ್ನ ಬೆರಳುಗಳಿಗೆ ಅನ್ನ ಕೊಟ್ಟದ್ದು ಆ ವಿನ್ಯಾಸ.

ಶೇಷಾದ್ರಿವಾಸು ಅವರ ಹೆಸರನ್ನೂ ನೀನು ತಿಳಿದಿರಬೇಕು. ಅವರು ಒಬ್ಬರೇ ಕೂತು 'ಬರಹ' ಎಂಬ ತಂತ್ರಾಂಶ ಮಾಡಿದರು, 1998ರಲ್ಲಿ ಅದು ಜನರ ಕೈಗೆ ಬಂತು. ಅಮೆರಿಕದ, ಕೊಲ್ಲಿ ದೇಶಗಳ ಕನ್ನಡಿಗರು ಮನೆಗೆ ಕನ್ನಡದಲ್ಲಿ ಮಿಂಚಂಚೆ ಬರೆಯಲು ತೊಡಗಿದ್ದು ಹೆಚ್ಚಾಗಿ ಅದರಿಂದಲೇ. ಅದಕ್ಕೂ ಮೊದಲು, 1996ರಲ್ಲೇ, ಯು.ಬಿ. ಪವನಜರು 'ವಿಶ್ವಕನ್ನಡ' ಎಂಬ ಜಾಲತಾಣ ತೆರೆದಿದ್ದರು. ಇವರೆಲ್ಲ ಯಾರೂ ಕೇಳದೆ ಇದ್ದಾಗ ಮಾಡಿದವರು. ನೀನು ಫೋನು ತೆಗೆದ ಕೂಡಲೆ ಕನ್ನಡ ಮೂಡುತ್ತದಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ.

ಹಳೆಯ ಫಾಂಟಿನ ಆ ಫೈಲಿಗೂ ಇವತ್ತಿನ ನಿಮ್ಮ ರೀಲ್ಸಿಗೂ ಏನು ಸಂಬಂಧ ಎನ್ನುವೆ. ಇದೆ. ನನ್ನ ನಿಜವಾದ ಚಿಂತೆ ಇರುವುದು ಇಲ್ಲೇ.

ಈಗ ಕನ್ನಡ ಇಂಟರ್ನೆಟ್ಟಿನಲ್ಲಿ ಹರಿಯುತ್ತಿರುವಷ್ಟು ಹಿಂದೆಂದೂ ಹರಿದಿರಲಿಲ್ಲ. ಆದರೆ ಅದರಲ್ಲಿ ಬಹುಪಾಲು ಹುಡುಕಾಟಕ್ಕೆ ಸಿಗದ ರೂಪದಲ್ಲಿದೆ. ವಾಯ್ಸ್ ಮೆಸೇಜು, ಇಂಗ್ಲಿಷ್ ಅಕ್ಷರದ ಕಾಮೆಂಟು, ಚಿತ್ರದ ಮೇಲೆ ಬರೆದ ಸಾಲು, ಇಪ್ಪತ್ತನಾಲ್ಕು ಗಂಟೆಗೆ ಅಳಿಯುವ ಸ್ಟೇಟಸ್ಸು. ಉಳಿದದ್ದಾದರೂ ಶಾಶ್ವತವೇ? ಆರ್ಕುಟ್‌ನಲ್ಲಿ ಎಷ್ಟು ಚೆಂದದ ಕನ್ನಡ ಕೂಟಗಳಿದ್ದವು, 2014ರ ಸೆಪ್ಟೆಂಬರ್ ಕೊನೆಗೆ ಅದು ಮುಚ್ಚಿತು. ಟಿಕ್‌ಟಾಕ್‌ನಲ್ಲಿ ನಿನ್ನ ಗೆಳತಿಯರು ಮಾಡಿದ್ದೆಲ್ಲ 2020ರ ಜೂನ್ ತಿಂಗಳ ಒಂದು ಸಂಜೆ ಸರ್ಕಾರದ ಆದೇಶ ಬಂದ ಬೆನ್ನಿಗೇ ಕೈತಪ್ಪಿತು. ಅಂಗಡಿ ಅವರದ್ದು, ಬೀಗವೂ ಅವರದ್ದು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯದ್ದೇ ಒಂದು ವಿಷಯ ಹೇಳುತ್ತೇನೆ. ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವುದು ನಿನಗೆ ಗೊತ್ತು, ಚಿಕ್ಕವಳಿದ್ದಾಗ ಕಹಿಗೆ ಅತ್ತವಳು ನೀನು. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಗುದ್ದಿ ತೊಗಟೆ ತೆಗೆಯುವುದು ಕ್ರಮ. ಕತ್ತಲಲ್ಲಿ ಮರದ ಗುರುತು ತಪ್ಪಿದರೆ, ಹಾಲೆಯ ಬದಲು ಕಾಸರಕದ ತೊಗಟೆ ಬಂದರೆ, ಅದು ವಿಷ. ಅದಕ್ಕೇ ಅಜ್ಜ ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರಕ್ಕೆ ಗುರುತು ಮಾಡಿ ಬರುತ್ತಿದ್ದರು, ಹಾಲು ಒಸರುತ್ತದೆಯೋ ನೋಡುತ್ತಿದ್ದರು, ಒಂದು ಗೆಣ್ಣಿನಲ್ಲಿ ಸುತ್ತಲೂ ಎಲೆಗಳು ಹರಡಿವೆಯೋ ನೋಡುತ್ತಿದ್ದರು. ಈಗ ಪ್ರತಿ ವರ್ಷ ಆಟಿ ಬಂತೆಂದರೆ ಈ ಕಷಾಯದ ವಿಡಿಯೋಗಳು ಫೋನು ತುಂಬ ಬರುತ್ತವೆ. ಹಾಡು ಇದೆ, ಮಂಜು ಇದೆ, ಕಲ್ಲಿನಲ್ಲಿ ಗುದ್ದುವುದೂ ಇದೆ. ಹಗಲಿನಲ್ಲಿ ಮರ ನೋಡಿ ಬರಬೇಕು ಎಂಬ ಮಾತು ನಾನು ನೋಡಿದ ವಿಡಿಯೋಗಳಲ್ಲಿ ಇರಲಿಲ್ಲ. ಊರು ಬಿಟ್ಟು ಹೋದ ಮನೆಯ ಹುಡುಗನೊಬ್ಬ ರಜೆಗೆ ಬಂದು, ಫೋನಿನಲ್ಲಿ ಕನ್ನಡದಲ್ಲಿ ಹುಡುಕಿದರೆ, ಎರಡು ಮರಗಳ ವ್ಯತ್ಯಾಸ ಹೇಳುವ ಒಂದು ಪುಟ ಅವನಿಗೆ ಮೊದಲು ಸಿಗಬೇಕಲ್ಲವೇ? ಅಂಥ ಪುಟವನ್ನು ಯಾರು ಬರೆಯಬೇಕು? ಗೊತ್ತಿರುವವರು ಬರೆಯಬೇಕು. ಕನ್ನಡ ಅಕ್ಷರದಲ್ಲಿ ಬರೆಯಬೇಕು.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಇಷ್ಟು ವರ್ಷಗಳಲ್ಲಿ ಅಲ್ಲಿ ಮೂವತ್ತು ಸಾವಿರಕ್ಕೆ ಮೇಲ್ಪಟ್ಟು ಲೇಖನಗಳಾಗಿವೆ. ತೆಲುಗಿನಲ್ಲಿ ಲಕ್ಷ ದಾಟಿದೆ, ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು ನಾಲ್ಕು ಕೋಟಿಗೂ ಹೆಚ್ಚು. ನಮ್ಮ ಜನರಿಗೆ ತಿಳಿವಳಿಕೆ ಕಡಿಮೆಯೇ? ಖಂಡಿತ ಅಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ನಿನ್ನ ಸೋದರಮಾವ ಅಡಿಕೆಯ ಕೊಳೆರೋಗದ ಬಗ್ಗೆ ಹಾಕುವ ವಾಯ್ಸ್ ಮೆಸೇಜುಗಳನ್ನು ಬರಹಕ್ಕಿಳಿಸಿದರೆ ಒಂದು ಪುಸ್ತಕವಾಗುತ್ತದೆ. ತಿಳಿವಳಿಕೆ ಇದೆ, ಅದು ಹುಡುಕಿದರೆ ಸಿಗುವ ಕಡೆ ಇಲ್ಲ. ತುಳುವಿಗೂ 2016ರಿಂದ ಸ್ವಂತ ವಿಕಿಪೀಡಿಯ ಇದೆ, ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. 2024ರಲ್ಲಿ ತುಳು-ತಿಗಳಾರಿ ಲಿಪಿಗೂ ಯೂನಿಕೋಡಿನಲ್ಲಿ ಜಾಗ ಸಿಕ್ಕಿತು, ಅದೇ ವರ್ಷ ಗೂಗಲ್ ಅನುವಾದಕ್ಕೆ ತುಳುವೂ ಸೇರಿತು. ಬಾಗಿಲು ಒಂದೊಂದಾಗಿ ತೆರೆಯುತ್ತಿರುವ ಕಾಲ ಇದು, ಒಳಗೆ ಹೋಗುವವರು ಬೇಕು.

ಹುಡುಕಿದರೆ ಸಿಗುವುದು ಎಂದರೆ ಎಂಥ ಸುಖ ಎಂದು ತಿಳಿಯಬೇಕಾದರೆ 'ವಚನ ಸಂಚಯ' ಜಾಲತಾಣ ತೆರೆದು ನೋಡು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿವೆ. 'ಕೆರೆ' ಎಂದು ಹಾಕು, 'ಬೀಜ' ಎಂದು ಹಾಕು, ಯಾವ ವಚನಕಾರರು ಆ ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ಸಾಲಾಗಿ ಬರುತ್ತದೆ. ಹಿಂದೆ ವಿದ್ವಾಂಸರು ಚೀಟಿ ಬರೆದು ಬರೆದು ಮಾಡುತ್ತಿದ್ದ ಕೆಲಸ. 'ಅಲರ್' ಎಂಬ ನಿಘಂಟು ಇದೆ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಪದಕೋಶ ಅದು, ಒಂದೂವರೆ ಲಕ್ಷ ಪದಗಳು. 2019ರಿಂದ ಅದು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಮುಕ್ತ. ಇವೆರಡನ್ನೂ ನಿನ್ನ ಫೋನಿನಲ್ಲಿ ಗುರುತು ಹಾಕಿಟ್ಟುಕೋ.

ನಿಮ್ಮ ಆಫೀಸಿನಲ್ಲಿ ಎಲ್ಲದಕ್ಕೂ ಚಾಟ್‌ಜಿಪಿಟಿಯನ್ನು ಕೇಳುತ್ತಾರೆ ಎಂದೆಯಲ್ಲ, ಅಂಥ ಯಂತ್ರಗಳೂ ಇದೇ ಬಾವಿಯಿಂದ ನೀರು ಕುಡಿಯುತ್ತವೆ. ಅವು ಕಲಿತದ್ದು ಜನ ಬರೆದಿಟ್ಟದ್ದನ್ನು ಓದಿ. ಇಂಗ್ಲಿಷಿನಲ್ಲಿ ಬೆಟ್ಟದಷ್ಟು ಬರಹವಿದೆ, ನಮ್ಮದು ಕಡಿಮೆ. ಅದರ ಮೇಲೆ ಇನ್ನೊಂದು ತೊಡಕು. ಇಂಟರ್ನೆಟ್ಟಿನಲ್ಲಿ ಸಾಮಾನ್ಯವಾಗಿ ಬಳಸುವ ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ನಮ್ಮ ಪ್ರತಿಯೊಂದು ಗುರುತಿಗೂ ಮೂರು. 'ಕನ್ನಡ' ಎಂದು ಬರೆದರೆ ಹದಿನೈದು. ಜಾಗದ ಕೊರತೆ ಈಗಿಲ್ಲ, ಆದ್ದರಿಂದ ನಿನಗೂ ನನಗೂ ಇದರಿಂದ ತೊಂದರೆಯಿಲ್ಲ. ಆದರೆ ಪದವನ್ನು ಚೂರು ಚೂರು ಮಾಡಿ ಓದುವ ಯಂತ್ರಕ್ಕೆ ಕನ್ನಡ ಹೆಚ್ಚು ಚೂರಾಗಿ ಕಾಣುತ್ತದೆ. ಹಾಗಾಗಿ ಊರಿನ ಗಿಡ, ಔಷಧಿ, ಆಚಾರಗಳ ವಿಷಯದಲ್ಲಿ ಅದು ಧೈರ್ಯವಾಗಿ ಹೇಳಿದ್ದನ್ನೂ ಪರೀಕ್ಷಿಸದೆ ನಂಬಬೇಡ. ಹಾಲೆಯನ್ನೂ ಕಾಸರಕವನ್ನೂ ಅದರ ಹತ್ತಿರ ಕೇಳಿ ಕುಡಿಯಬೇಡ.

ಇನ್ನು ಕೈಗೆ ಅಭ್ಯಾಸ ಮಾಡುವ ಮಾತು. ನಿಧಾನ ಎನ್ನುವುದು ಮೊದಲ ಎರಡು ವಾರದ ದೂರು ಮಾತ್ರ. ಫೋನಿನಲ್ಲಿ ಗೂಗಲ್ ಕೀಲಿಮಣೆಯ ಸೆಟ್ಟಿಂಗಿಗೆ ಹೋಗಿ ಭಾಷೆಗಳಲ್ಲಿ ಕನ್ನಡ ಸೇರಿಸು. ಅಲ್ಲಿ ಅ-ಆ-ಇ-ಈ ಮಣೆಯೂ ಇದೆ, ನೀನು ಈಗ ಹೊಡೆಯುವ ಹಾಗೆಯೇ ಇಂಗ್ಲಿಷ್ ಅಕ್ಷರ ಹೊಡೆದರೆ ಕನ್ನಡವಾಗುವ ಮಣೆಯೂ ಇದೆ, ಬೆರಳಲ್ಲಿ ಗೀಚಿದರೆ ಓದಿಕೊಳ್ಳುವುದೂ ಇದೆ. ನಿನಗೆ ಎರಡನೆಯದು ಸರಿ, ಬೆರಳಿನ ಅಭ್ಯಾಸ ಹಾಗೇ ಇರುತ್ತದೆ, ಬರುವುದು ಮಾತ್ರ ನಮ್ಮ ಅಕ್ಷರ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಆದರೆ 2019ರಿಂದಲೇ ಕನ್ನಡ ಫೋನೆಟಿಕ್ ಮಣೆ ಒಳಗೇ ಬರುತ್ತದೆ, ಬೇರೆ ತಂತ್ರಾಂಶ ಬೇಡ. ಲಿನಕ್ಸ್ ಬಳಸುತ್ತೀಯಾದರೆ ಭಾಷೆಯ ಪಟ್ಟಿಯಲ್ಲಿ 'ಕಗಪ' ಹುಡುಕು, ಕೆ.ಪಿ. ರಾವ್ ವಿನ್ಯಾಸ ಅದೇ. ದಿನವಿಡೀ ಬರೆಯುವವರಿಗೆ ಅದರಷ್ಟು ವೇಗದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಯಂತ್ರ ಊಹಿಸುವುದಿಲ್ಲ, ಒತ್ತಿದ್ದು ಬರುತ್ತದೆ.

ಒಂದು ಸಣ್ಣ ಕುಸುರಿ ಕೂಡ ಕಲಿ. 'ರಾಜ್‌ಕುಮಾರ್' ಎಂದು ಬರೆಯಲು ಹೋದರೆ ಎಷ್ಟೋ ಸಲ ಜ ಕೆಳಗೆ ಕಕಾರದ ಒತ್ತು ಬಂದು ಕೂರುತ್ತದೆ, 'ರಾಜ್ಕುಮಾರ್' ಎಂದಾಗುತ್ತದೆ. ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಗುರುತು ಹಾಕಬೇಕು. ಹೆಚ್ಚಿನ ಕನ್ನಡ ಮಣೆಗಳಲ್ಲಿ ಅದಕ್ಕೊಂದು ಕೀಲಿ ಇದೆ. ಮದುವೆ ಕಾಗದದಲ್ಲಿ ವರನ ಹೆಸರು ಹೀಗೆ ಕೆಟ್ಟರೆ ಮನೆಯವರ ಮುಖ ಹೇಗಾಗುತ್ತದೆ ಎಂದು ನಾನು ಕಂಡಿದ್ದೇನೆ.

ಕೈ ನೋಯುವ ದಿನ ಬಾಯಲ್ಲಿ ಹೇಳು. 2017ರಿಂದ ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡದಲ್ಲೂ ಇದೆ. ಮೈಕಿನ ಗುರುತು ಒತ್ತಿ ನಿಧಾನವಾಗಿ ಮಾತಾಡಿದರೆ ಅಕ್ಷರವಾಗುತ್ತದೆ. ಆಮೇಲೆ ಒಮ್ಮೆ ಓದಿ ತಿದ್ದಬೇಕು, ಅಷ್ಟೇ. ವಾಯ್ಸ್ ಮೆಸೇಜಿಗೂ ಇದಕ್ಕೂ ಇರುವ ಅಂತರ ಇಷ್ಟು: ಅದು ಕೇಳಿದವರ ಕಿವಿಯಲ್ಲಿ ಮುಗಿಯುತ್ತದೆ, ಇದು ಬರಹವಾಗಿ ಉಳಿಯುತ್ತದೆ. ಹಳೆಯ ಪುಸ್ತಕದ ಪುಟವಾದರೆ ಫೋಟೋ ತೆಗೆದು ಗೂಗಲ್ ಲೆನ್ಸಿಗೆ ಕೊಡು, ಅಚ್ಚಿನ ಕನ್ನಡವನ್ನು ಚೆನ್ನಾಗಿಯೇ ಓದಿ ಬರಹ ಮಾಡಿಕೊಡುತ್ತದೆ. ಕೈಬರಹದಲ್ಲಿ ಮಾತ್ರ ಎಡವುತ್ತದೆ, ಅದರಲ್ಲೂ ಹಿಂದಿನವರ ಮೋಡಿ ಅಕ್ಷರದಲ್ಲಿ.

ನಿನ್ನ ಅಮ್ಮನ ಫೋನಿನ ಬಗ್ಗೆ ಒಂದು ಕೆಲಸ ನಿನಗೆ ಬಿಡುತ್ತೇನೆ. ಮುಂದಿನ ಸಲ ಬಂದಾಗ ಅದರ ಭಾಷೆಯನ್ನೇ ಕನ್ನಡ ಮಾಡಿಕೊಡು. ಈಗ ಅವಳು ಇಂಗ್ಲಿಷಿನಲ್ಲಿ ಬರುವ ಪ್ರತಿ ಸೂಚನೆಗೂ ಓದದೆ 'ಓಕೆ' ಒತ್ತುತ್ತಾಳೆ. ಯಾವ ಆ್ಯಪಿಗೆ ಏನು ಅನುಮತಿ ಕೊಟ್ಟೆ ಎಂದು ಅವಳಿಗೇ ತಿಳಿದಿಲ್ಲ. ಹಣ ಬರುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕೊಡುವುದಕ್ಕೆ ಮಾತ್ರ ಎಂಬುದನ್ನು ಅವಳೆದುರು ಎರಡು ಸಲ ಮಾಡಿ ತೋರಿಸು. ಪೊಲೀಸರೆಂದು ವಿಡಿಯೋ ಕರೆ ಮಾಡಿ ಹೆದರಿಸುವವರು ಬಂದರೆ ಫೋನಿಟ್ಟು ನಿನಗೆ ಹೇಳಲಿ. ಹಣ ಹೋಯಿತೆಂದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಆ ನಂಬರನ್ನು ಅವಳ ಫೋನಿನಲ್ಲಿ ಕನ್ನಡದಲ್ಲೇ ಹೆಸರು ಬರೆದು ಸೇವ್ ಮಾಡು. ಓದಿ ಒಪ್ಪುವುದಕ್ಕೂ ಓದದೆ ಒಪ್ಪುವುದಕ್ಕೂ ಇರುವ ದೂರ ದೊಡ್ಡದು, ಅದನ್ನು ಕಡಿಮೆ ಮಾಡುವುದು ಸ್ವಂತ ಭಾಷೆಯ ಅಕ್ಷರ.

ಇನ್ನು ನಿನ್ನಿಂದ ನನಗೆ ಆಗಬೇಕಾದ್ದು ಒಂದಿದೆ. ಅಜ್ಜಿಯ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿದೆ. ಮರಕೆಸುವಿನ ಪತ್ರೊಡೆಗೆ ಹುಣಸೆ ಎಷ್ಟು ಹಾಕಿದರೆ ಬಾಯಿ ತುರಿಸುವುದಿಲ್ಲ ಎಂಬುದರಿಂದ ಹಿಡಿದು, ಬಾಣಂತಿಗೆ ಯಾವ ತಿಂಗಳು ಯಾವ ಲೇಹ್ಯ, ಹಸುವಿನ ಕೆಚ್ಚಲು ಬಾತರೆ ಯಾವ ಸೊಪ್ಪು, ಹಾಲೆ ಮರ ಗುರುತು ಹಿಡಿಯುವುದು ಹೇಗೆ ಎಂಬ ತನಕ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ. ಪೆನ್ಸಿಲು ಮಾಸುತ್ತಿದೆ. ಲೆನ್ಸಿಗೆ ಅವಳ ಅಕ್ಷರ ಓದಲು ಬರುವುದಿಲ್ಲ, ನಾನು ಪ್ರಯತ್ನಿಸಿ ನೋಡಿದ್ದೇನೆ. ಆಟಿಯಲ್ಲಿ ನಿನಗೆ ನಾಲ್ಕು ದಿನ ರಜೆ ಸಿಗುವುದಾದರೆ ಬಾ. ಅಜ್ಜಿ ಓದಿ ಹೇಳುತ್ತಾಳೆ, ನೀನು ಧ್ವನಿ ಟೈಪಿಂಗಿನಲ್ಲಿ ಹಿಡಿ, ನಾನು ಕರಡು ತಿದ್ದುತ್ತೇನೆ. ಗಿಡಗಳ ತುಳು ಹೆಸರನ್ನು ಯಂತ್ರ ಬೇರೇನೋ ಮಾಡುತ್ತದೆ, ಅವನ್ನು ನೀನೇ ಕೈಯಲ್ಲಿ ಹೊಡೆಯಬೇಕು. ವಿಕಿಪೀಡಿಯದಲ್ಲಿ ಅಚ್ಚಾದ ಆಧಾರ ಕೇಳುತ್ತಾರೆ, ಹಾಗಾಗಿ ಇದಕ್ಕೆ ಒಂದು ಬ್ಲಾಗ್ ತೆರೆಯೋಣ. ಔಷಧಿಯ ಪುಟಗಳನ್ನು ಹಾಕುವ ಮೊದಲು ನಮ್ಮ ವೈದ್ಯರಿಗೆ ತೋರಿಸೋಣ, ಎಚ್ಚರಿಕೆಯ ಮಾತುಗಳನ್ನು ಮೇಲೆಯೇ ಬರೆಯೋಣ. ಪ್ರತಿ ಗಿಡದ ಎಲೆ, ತೊಗಟೆ, ಹೂವಿನ ಫೋಟೋ ನಿನ್ನ ಫೋನಿನಲ್ಲಿ ತೆಗೆದರೆ ಸಾಕು, ಹಗಲಿನಲ್ಲಿ. ಎಲ್ಲದರ ಒಂದು ಪ್ರತಿಯನ್ನು ಸಾದಾ ಯೂನಿಕೋಡ್ ಫೈಲಾಗಿ ನನ್ನ ಪೆನ್‌ಡ್ರೈವಿಗೂ ನಿನ್ನ ಲ್ಯಾಪ್‌ಟಾಪಿಗೂ ಹಾಕಿಡೋಣ.

ರಜೆಯ ದಿನಾಂಕ ತಿಳಿಸು. ಅಷ್ಟರೊಳಗೆ ನೋಟ್‌ಬುಕ್ಕಿನ ಪುಟಗಳಿಗೆ ನಾನು ಸಂಖ್ಯೆ ಹಾಕಿ, ಹರಿದವನ್ನು ಅಂಟಿಸಿ ಇಟ್ಟಿರುತ್ತೇನೆ. ಅಜ್ಜಿಗೆ ಹೊಸ ಕನ್ನಡಕ ಈ ವಾರ ಬರುತ್ತದೆ.

ಇತಿ,
ನಿನ್ನ ಪ್ರೀತಿಯ ದೊಡ್ಡಮ್ಮ